ಟೀಚರ್ ಆಗವ್ವಾ ಎಂದು ಹೇಳಬೇಡಿ

ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ಮೇಲೆ ಟಿ.ಸಿ. ಒಯ್ಯಲು ಬರುವ ಮಕ್ಕಳಿಗೆ ನಾವು ಮಾಸ್ತರರು, ಅಕ್ಕೋರುಗಳು ಕೊಡುವ ಸಲಹೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಒಮ್ಮೆ ಗಡಿಯಾರ ನೋಡಿ ಲೆಕ್ಕ ಹಾಕಿದ್ದೇನೆ. ಮೂರು ನಿಮಿಷ. ಅದರಲ್ಲಿ ಎರಡು ನಿಮಿಷ ಸಹಿ ಮಾಡಲು, ಶಿಕ್ಕಾ ಒತ್ತಲು ಹೋಗುತ್ತದೆ. ಉಳಿದ ಒಂದು ನಿಮಿಷದಲ್ಲಿ ಅಂಕಪಟ್ಟಿಯ ಮೇಲೆ ಕಣ್ಣಾಡಿಸಿ, ಎಂಬತ್ತರ ಮೇಲಿದ್ದರೆ ಸೈನ್ಸ್, ಅರವತ್ತರ ಮೇಲಿದ್ದರೆ ಕಾಮರ್ಸ್, ಅದಕ್ಕೂ ಕೆಳಗಿದ್ದರೆ ಆರ್ಟ್ಸ್, ಹೇಗೋ ದಡ ಮುಟ್ಟಿದ್ದರೆ ಐ.ಟಿ.ಐ. ಎಂದು ಹೇಳಿ ಮುಗಿಸುತ್ತೇವೆ. ಇದು ಗಂಡುಹುಡುಗರ ಲೆಕ್ಕ. ಹೆಣ್ಣುಹುಡುಗಿಗೆ ಇಷ್ಟೂ ಲೆಕ್ಕ ಬೇಕಿಲ್ಲ. "ಊರ ಹತ್ರಾನ ಕಾಲೇಜ್ ಐತೆಲ್ಲ, ಆರ್ಟ್ಸ್ ತಗೋ. ಮುಂದ ಟೀಚರ್ ಆಗವ್ವಾ."

ಈ ಕೊನೆಯ ಮಾತನ್ನು ನಾನೇ ನೂರಾರು ಸಲ ಹೇಳಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ವರ್ಗವಾದಂತೆಲ್ಲ ಈ ನಾಲ್ಕೂ ತಾಲ್ಲೂಕುಗಳ ನೀರು ಕುಡಿದು, ನಾಲ್ಕೂ ಕಡೆಯ ಹೈಸ್ಕೂಲುಗಳಲ್ಲಿ ಹೇಳಿದ್ದೇನೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಉಳಿದಿರುವಾಗ, ಆ ಮಾತು ತಪ್ಪು, ಅದನ್ನು ಇನ್ನು ಯಾವ ಶಿಕ್ಷಕರೂ ಬಾಯಿಗೆ ಬಂದಂತೆ ಹೇಳಬಾರದು ಎಂದು ಬರೆಯಲು ಕೂತಿದ್ದೇನೆ. ನನ್ನ ಸಹೋದ್ಯೋಗಿಗಳು ಸಿಟ್ಟಾಗುತ್ತಾರೆ. ಆಗಲಿ.

2006ರ ಮಾತು. ಆಗ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೆ. ಆ ವರ್ಷ ಪಾಸಾದವರಲ್ಲಿ ಒಬ್ಬ ಹುಡುಗಿಗೆ ಗಣಿತದಲ್ಲಿ 88 ಬಂದಿತ್ತು. ಅವಳ ಅಪ್ಪ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಿದ್ದ. ಲಿಂಬೆತೋಟದ ಸೀಮೆ ಅದು. ಬೇಸಿಗೆಯಲ್ಲಿ ಒಂದು ಮೋಟಾರು ಸುಟ್ಟು ನಾಲ್ಕು ದಿನ ನಿಂತರೆ ಗಿಡ ಬಾಡುತ್ತವೆ. ಹೀಗಾಗಿ ರಾತ್ರಿ ಹನ್ನೊಂದಕ್ಕೂ ಅವನ ಬಾಗಿಲು ಬಡಿಯುವವರಿದ್ದರು. ಆ ಹುಡುಗಿ ಟಿ.ಸಿ. ಒಯ್ಯಲು ಬಂದಾಗ ಸೆರಗಿನ ಮರೆಯಲ್ಲಿ ನಿಂತ ಅವ್ವನನ್ನು ದಾಟಿ ಮುಂದೆ ಬಂದು ಹೇಳಿದಳು: "ಅಕ್ಕೋರ, ನಂಗ ಡಿಪ್ಲೊಮಾ ಎಲೆಕ್ಟ್ರಿಕಲ್ ಮಾಡೂ ಆಸೆ ಐತ್ರಿ. ಅಪ್ಪ ವೈಂಡಿಂಗ್ ಮಾಡುಮುಂದ ತಂತಿ ಸುತ್ತು ಎಣಸಾಕಿ ನಾನ ರೀ. ಒಂದ್ ಸುತ್ತೂ ತಪ್ಪಂಗಿಲ್ರಿ."

ನಾನು ನಕ್ಕೆ. ಆ ನಗು ನನಗೆ ಈಗಲೂ ನೆನಪಿದೆ. "ಹುಚ್ಚಿ, ಕಂಬಾ ಹತ್ತಾಕೇನ ನೀ? ವಿಜಾಪುರಕ್ಕ ದಿನಾ ಹೋಗಿ ಬರೂದು ಹೆಣ್ಣುಮಗಳಿಗೆ ಆಗೂ ಮಾತಲ್ಲ. ಇಲ್ಲೇ ಪಿಯುಸಿ ಮಾಡು, ಡಿ.ಎಡ್. ಮಾಡು, ಟೀಚರ್ ಆಗವ್ವಾ. ನನ್ನ ನೋಡು, ಏನು ಕಡಿಮಿ ಆಗೇತಿ?" ಅವಳ ಅವ್ವನ ಮುಖ ಅರಳಿತು. ಅಕ್ಕೋರೇ ಹೇಳಿದ ಮೇಲೆ ಮುಗಿಯಿತಲ್ಲ.

ಅವಳು ನಾನು ಹೇಳಿದ್ದನ್ನು ಅಕ್ಷರಶಃ ಮಾಡಿದಳು. 2008ಕ್ಕೆ ಪಿಯುಸಿ, 2010ಕ್ಕೆ ಡಿ.ಎಡ್., ಮುಂದೆ ಮೂರು ವರ್ಷ ಬಿ.ಎ. ಆಗ ನಮ್ಮ ಜಿಲ್ಲೆಯಲ್ಲಿ ಡಿ.ಎಡ್. ಕಾಲೇಜುಗಳ ಸುಗ್ಗಿ. ಹೊಲ ಒತ್ತೆ ಇಟ್ಟು ಮಕ್ಕಳನ್ನು ಸೇರಿಸಿದವರನ್ನು ನಾನೇ ಕಂಡಿದ್ದೇನೆ. ಇವಳು ಹೊರಬರುವ ಹೊತ್ತಿಗೆ ಡಿ.ಎಡ್. ಇದ್ದರೆ ಸಾಲದು, ಶಿಕ್ಷಕರ ಅರ್ಹತಾ ಪರೀಕ್ಷೆಯೂ ಆಗಬೇಕು ಎಂದಾಯಿತು. ರಾಜ್ಯದಲ್ಲಿ ಆ ಟಿ.ಇ.ಟಿ. ಮೊದಲ ಬಾರಿ ನಡೆದದ್ದು 2014ರಲ್ಲಿ. ಮೂರನೆಯ ಯತ್ನಕ್ಕೆ ಅದೂ ಪಾಸಾದಳು. ಪಾಸಾದವರು ಸಾವಿರ ಸಾವಿರ, ನೇಮಕಾತಿ ಮಾತ್ರ ಬರುತ್ತದೆ ಬರುತ್ತದೆ ಎಂಬ ಸುದ್ದಿ. ಸೀಟು ತುಂಬದೆ ಆ ಡಿ.ಎಡ್. ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಅವುಗಳ ಕಟ್ಟಡಕ್ಕೆ ಬೇರೆ ಬೋರ್ಡು ಬಂತು. ಅವುಗಳಲ್ಲಿ ಕಲಿತವರಿಗೆ ಬರಲಿಲ್ಲ.

ಕೊನೆಗೆ 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅರ್ಜಿ ಕರೆದರು. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ ಮೀಸಲು. ಭೀಮೆಯ ಆಚೆ ದಂಡೆಯ ಅಫಜಲಪುರ ಅದರೊಳಗೆ ಬರುತ್ತದೆ, ಈಚೆ ದಂಡೆಯ ಇಂಡಿ ಬರುವುದಿಲ್ಲ. ಅತ್ತಲಿನವರಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. 371(ಜೆ) ಅವರು ಹೋರಾಡಿ ಪಡೆದದ್ದು. ಆದರೆ ಬರಗಾಲಕ್ಕೆ, ಗುಳೆ ಹೋಗುವುದಕ್ಕೆ ಹೊಳೆ ಗಡಿಯಲ್ಲ ಎಂಬುದನ್ನಾದರೂ ಹೇಳಬೇಕಲ್ಲ. ಇನ್ನು ಅದೇ ನೇಮಕಾತಿಯಲ್ಲಿ, ಮದುವೆಯಾದ ಹೆಣ್ಣುಮಕ್ಕಳು ಜಾತಿ ಮತ್ತು ಆದಾಯದ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲೋ ಎಂಬ ತಕರಾರು ಹೈಕೋರ್ಟಿನವರೆಗೆ ಹೋಯಿತು. ಓದಿದ್ದು ಅವಳು, ಪರೀಕ್ಷೆ ಬರೆದದ್ದು ಅವಳು, ವ್ಯಾಜ್ಯ ಮಾತ್ರ ಅಪ್ಪನದೋ ಗಂಡನದೋ ಎಂದು! "ಹೆಣ್ಣುಮಕ್ಕಳಿಗೆ ಟೀಚರ್ ಕೆಲಸ ಭಾಳ ಸಲೀಸು" ಎನ್ನುವ ಮಹನೀಯರು ಈ ಪ್ರಕರಣವನ್ನು ಒಮ್ಮೆ ಓದಿಕೊಳ್ಳಬೇಕು.

ನನ್ನ ಹುಡುಗಿಗೆ ಆ ನೇಮಕಾತಿಯಲ್ಲೂ ಕೆಲಸ ಸಿಗಲಿಲ್ಲ. ಮರುವರ್ಷ ಶ್ರಾವಣದಲ್ಲಿ ಯಾವುದೋ ಕೆಲಸಕ್ಕೆ ಇಂಡಿಗೆ ಹೋದಾಗ ಅವಳನ್ನು ಕಂಡೆ. ಲಿಂಬೆಹಣ್ಣಿನ ರಾಶಿಯ ಮುಂದೆ ಕೂತು ದೊಡ್ಡದು, ಸಣ್ಣದು, ಕಲೆ ಬಿದ್ದದ್ದು ಎಂದು ಆರಿಸುತ್ತಿದ್ದಳು. ವರ್ಷದ ಕೆಲವು ತಿಂಗಳು ಅತಿಥಿ ಶಿಕ್ಷಕಿ, ಶಾಲೆ ಇಲ್ಲದಾಗ ಈ ಕೂಲಿ. ಅತಿಥಿ ಶಿಕ್ಷಕರ ಸಂಬಳ ಹತ್ತು ಹನ್ನೆರಡು ಸಾವಿರದ ಮಾತು, ಅದೂ ತಿಂಗಳು ತಿಂಗಳಿಗೆ ಬಂದರೆ. ಎದ್ದು ನಿಂತು ಕೈ ಒರೆಸಿಕೊಂಡು, "ನೀವು ಹೇಳಿದ್ದ ಎಲ್ಲಾ ಕಲ್ತೇನ್ರಿ ಅಕ್ಕೋರ, ಯಾವುದೂ ಫೇಲ್ ಆಗಿಲ್ರಿ" ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ. ಹಾಗೆ ಹೇಳಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಅವಳ ತಮ್ಮನನ್ನೂ ನಾನೇ ಕಲಿಸಿದ್ದೆ. ಅವನಿಗೆ ಗಣಿತದಲ್ಲಿ 41. "ಇವನ ಹಣೇಬರಾ ಇಷ್ಟ, ಐ.ಟಿ.ಐ.ಗೆ ಹಾಕ್ರಿ" ಎಂದು ಕೈ ತೊಳೆದುಕೊಂಡಿದ್ದೆ. ಎಲೆಕ್ಟ್ರಿಷಿಯನ್ ಟ್ರೇಡು ಮುಗಿಸಿ ಸೊಲ್ಲಾಪುರ ದಾಟಿ ಪುಣೆಯ ಕಡೆ ಹೋದ. ಈಗ ಚಾಕಣದ ಒಂದು ಕಾರ್ಖಾನೆಯಲ್ಲಿದ್ದಾನೆ. ಅಕ್ಕನ ಮಗಳ ಶಾಲೆಯ ಫೀ ಕಟ್ಟುವವನು ಅವನೇ. ಸುತ್ತು ಎಣಿಸಲು ಬರುತ್ತಿದ್ದದ್ದು ಅಕ್ಕನಿಗೆ.

ಐ.ಟಿ.ಐ., ಡಿಪ್ಲೊಮಾ ಮಾಡಿದವರೆಲ್ಲ ಉದ್ಧಾರವಾಗಿದ್ದಾರೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಗುತ್ತಿಗೆ ಕೆಲಸ, ವರ್ಷಕ್ಕೊಮ್ಮೆ ತೆಗೆದು ಹಾಕುವ ಕಂಪನಿ, ಉಪಕರಣಗಳಿಲ್ಲದೆ ಬರೀ ಬೋರ್ಡು ಹೊತ್ತ ಖಾಸಗಿ ಐ.ಟಿ.ಐ.ಗಳು ಎಲ್ಲವೂ ಇವೆ. ನಾನು ಒಂದು ಗುಳಿಗೆ ಬಿಡಿಸಿ ಇನ್ನೊಂದು ಗುಳಿಗೆ ನುಂಗಿಸಲು ಬಂದಿಲ್ಲ. ನನ್ನ ಜಗಳ ಇಷ್ಟೇ: ಎಣಿಸಲು ಬರುವ ಹುಡುಗಿ ತನಗೆ ಇಂಥದು ಬೇಕು ಎಂದು ಬಾಯಿಬಿಟ್ಟು ಹೇಳಿದಾಗ, ಅದರ ಬಗ್ಗೆ ಒಂದಕ್ಷರ ಗೊತ್ತಿಲ್ಲದ ನಾನು ಯಾವ ಅಧಿಕಾರದಿಂದ ಬೇಡ ಎಂದೆ? ನಾನು ಬಿ.ಎ., ಬಿ.ಎಡ್. ನನಗೆ ಗೊತ್ತಿದ್ದದ್ದು ನಾನು ನಡೆದ ದಾರಿ ಒಂದೇ. ಅದೂ ನಾನು ನಡೆದ ಮೇಲೆ ಮುಚ್ಚಿಹೋಗಿತ್ತು. ಮುಚ್ಚಿದ ದಾರಿಗೆ ನಿಂತು ಬನ್ನಿ ಬನ್ನಿ ಎಂದು ಕೈಬೀಸಿದವಳು ನಾನು.

ಗೊತ್ತಿರಬೇಕಾದ ವಿಷಯಗಳು ಬ್ರಹ್ಮವಿದ್ಯೆಯೇನಲ್ಲ. ಎಸ್.ಎಸ್.ಎಲ್.ಸಿ. ಮೇಲೆ ಪಾಲಿಟೆಕ್ನಿಕ್ ಮೂರು ವರ್ಷ. ಅದನ್ನು ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ಎರಡು ವರ್ಷದ ಐ.ಟಿ.ಐ. ಮಾಡಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಬಾಗಿಲಿದೆ. ಅಂದರೆ ಐ.ಟಿ.ಐ. ಎಂದರೆ ದಾರಿಯ ಕೊನೆ ಎಂದು ನಾವು ಹೇಳುತ್ತ ಬಂದದ್ದೇ ಸುಳ್ಳು. ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ ಎ.ಐ.ಸಿ.ಟಿ.ಇ.ಯ ಪ್ರಗತಿ ಎಂಬ ವಿದ್ಯಾರ್ಥಿವೇತನವಿದೆ, ಆಯ್ಕೆಯಾದವರಿಗೆ ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ ವರ್ಷಕ್ಕೆ ಎಂಟು ಲಕ್ಷದೊಳಗಿದ್ದರೆ ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಅರ್ಜಿ ಹಾಕಬಹುದು. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತುಟ್ಟಿಭತ್ಯೆ ಎಷ್ಟು ಏರಿತೆಂಬುದು ಹನ್ನೊಂದೂ ಮಂದಿಗೆ ಬಾಯಿಪಾಠ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಎಂಬತ್ತರ ಮೇಲಿನವರನ್ನೆಲ್ಲ ಸೈನ್ಸಿಗೆ ನೂಕುವುದೂ ಇದೇ ಜಾತಿಯ ಪಾಪ. ಸಿಂದಗಿಯಲ್ಲಿದ್ದಾಗ ಕನ್ನಡ ಮಾಧ್ಯಮದ ಒಬ್ಬ ಹುಡುಗನ ಫೋಟೋ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರು ಕಟ್ಟಿದೆವು. ಬ್ಯಾನರು ಹರಿಯುವುದಕ್ಕೆ ಮೊದಲೇ ಹುಡುಗ ಕಾಲೇಜು ಬಿಟ್ಟು ಬಂದ. ಹತ್ತು ವರ್ಷ ಕನ್ನಡದಲ್ಲಿ ಕಲಿತವನು ಒಂದು ಬೆಳಿಗ್ಗೆ ಎದ್ದು ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕೇಳಬೇಕಿತ್ತು. ಡಿಪ್ಲೊಮಾದ ಪುಸ್ತಕಗಳೂ ಇಂಗ್ಲಿಷಿನವೇ, ಒಪ್ಪುತ್ತೇನೆ. ಆದರೆ ಅಲ್ಲಿ ಕೈಗೊಂದು ಕೆಲಸ ಇರುತ್ತದೆ, ಕೈ ಕಲಿತದ್ದು ನಾಲಗೆಗೂ ಬರುತ್ತದೆ.

ನಮ್ಮದು ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆ. ಬಟ್ಟೆ ಒಗೆದ ಮಡಿವಾಳ ಮಾಚಯ್ಯನ ದೇವರ ಹಿಪ್ಪರಗಿ ಇಲ್ಲಿಯೇ ಇದೆ, ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನ ಶಿವಣಗಿ ಇಲ್ಲಿಯೇ ಇದೆ. ಬಸವ ಜಯಂತಿಯ ದಿನ ಕಾಯಕದ ಮೇಲೆ ಒಂದು ತಾಸು ಭಾಷಣ ಹೊಡೆಯುತ್ತೇವೆ, ಚಪ್ಪಾಳೆ ತಟ್ಟಿಸಿಕೊಳ್ಳುತ್ತೇವೆ. ತಿಂಗಳೊಪ್ಪತ್ತಿನಲ್ಲಿ ಅದೇ ಬಾಯಿಂದ, "ಏನೂ ಗತಿ ಇಲ್ಲಂದ್ರ ಐ.ಟಿ.ಐ." ಎನ್ನುತ್ತೇವೆ. ಕೈಯಿಂದ ಮಾಡುವ ಕೆಲಸ ಎಂದರೆ ಗತಿಗೆಟ್ಟವರ ಪಾಲು ಎಂಬುದನ್ನು ಆ ಮಕ್ಕಳು ನಮ್ಮಿಂದಲೇ ಕಲಿಯುತ್ತಾರೆ. ಇಲ್ಲಿಯೇ ಆಲಮಟ್ಟಿಯಲ್ಲಿ 290 ಮೆಗಾವಾಟಿನ ಜಲವಿದ್ಯುತ್ ಕೇಂದ್ರವಿದೆ, ಕೂಡಗಿಯಲ್ಲಿ 2,400 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರವಿದೆ. ಎರಡಕ್ಕೂ ಈ ನೆಲದ ರೈತರು ಭೂಮಿ ಕೊಟ್ಟಿದ್ದಾರೆ. ಶಾಲೆಯ ಪ್ರವಾಸಕ್ಕೆ ಆಲಮಟ್ಟಿಗೆ ನಾನೂ ಮಕ್ಕಳನ್ನು ಎಷ್ಟೋ ಸಲ ಕರೆದೊಯ್ದೆ. ಉದ್ಯಾನ ತೋರಿಸಿದೆ, ಕಾರಂಜಿ ತೋರಿಸಿದೆ, ಚುರುಮುರಿ ಕೊಡಿಸಿದೆ. ಆ ಕರೆಂಟು ಹುಟ್ಟಿಸುವ ಕೆಲಸ ಯಾರು ಮಾಡುತ್ತಾರೆ, ಅದಕ್ಕೆ ಏನು ಕಲಿತಿರಬೇಕು ಎಂದು ಒಮ್ಮೆಯೂ ಹೇಳಲಿಲ್ಲ.

ಈಗ ಎಲ್ಲಕ್ಕಿಂತ ಕಹಿಯಾದ ಮಾತು. ಊರ ಹತ್ತಿರದ ಪಿಯುಸಿ ನಮ್ಮವರಿಗೆ ಏಕೆ ಅಷ್ಟು ಪ್ರೀತಿ? ಹುಡುಗಿ ಹತ್ತನೆಯದು ಮುಗಿಸುವಾಗ ಹದಿನಾರು. ಪಿಯುಸಿ ಎರಡು ವರ್ಷ. ಮುಗಿಯುವುದಕ್ಕೂ ಹದಿನೆಂಟು ತುಂಬುವುದಕ್ಕೂ ಸರಿಹೋಗುತ್ತದೆ. ಮುದ್ದೇಬಿಹಾಳದಲ್ಲಿ ಒಬ್ಬ ತಾಯಿ ನನಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ಕಾನೂನು ಹದಿನೆಂಟು ಅಂತೈತ್ರಿ, ಅಲ್ಲೀತನಕ ಎಲ್ಲ್ಯಾರ ಒಂದ್ಕಡೆ ಕೂಡ್ಲಿ." ಎಸ್.ಟಿ. ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವ ಕಲ್ಲುಬೆಂಚಿನಂತೆ ಕಾಲೇಜು. ಡಿಪ್ಲೊಮಾ ಆದರೆ ಮೂರು ವರ್ಷ, ಹುಡುಗಿಗೆ ಹತ್ತೊಂಬತ್ತಾಗುತ್ತದೆ. ಆ ಒಂದು ವರ್ಷ ಹೆಚ್ಚು ಕಾಯುವುದೇ ನಮ್ಮ ಮನೆಗಳಿಗೆ ಭಾರ. ಅದರ ಮೇಲೆ ಕೈಯಲ್ಲಿ ಕಸುಬಿರುವ ಹುಡುಗಿ ಸಿಕ್ಕಿದ ವರನಿಗೆ ತಲೆಯಾಡಿಸಲಿಕ್ಕಿಲ್ಲ ಎಂಬ ಅಂಜಿಕೆ. "ಟೀಚರ್ ಆಗವ್ವಾ" ಎನ್ನುವ ನಾವು ಈ ಕಾಯುವಿಕೆಗೆ ಒಂದು ಮರ್ಯಾದೆಯ ಹೆಸರು ಕೊಡುತ್ತ ಬಂದೆವು. ಅಷ್ಟೇ ನಾವು ಮಾಡಿದ್ದು.

ಬಸ್ ಚಾರ್ಜಿನ ನೆಪ ಮೊದಲಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅದು ಹೋಯಿತು. ಇಂಡಿಯಿಂದಲೋ ಸಿಂದಗಿಯಿಂದಲೋ ವಿಜಯಪುರಕ್ಕೆ ಐವತ್ತು ಅರವತ್ತು ಕಿಲೋಮೀಟರ್, ಮುದ್ದೇಬಿಹಾಳ ಇನ್ನೂ ದೂರ, ಬಾಗೇವಾಡಿ ಸ್ವಲ್ಪ ಹತ್ತಿರ. ಎಲ್ಲಿಂದ ಹೋದರೂ ಹೆಣ್ಣುಮಕ್ಕಳಿಗೆ ಟಿಕೇಟು ಸೊನ್ನೆ. ಆದರೆ ಸಂಜೆ ಐದರ ಮೇಲೆ ಹಳ್ಳಿಗೆ ಬಸ್ಸಿಲ್ಲದಿದ್ದರೆ ಸೊನ್ನೆ ಟಿಕೇಟು ತಗೊಂಡು ಏನು ಮಾಡುವುದು? ಡಿಪೋಗೆ ಹೋಗಿ ಆ ಒಂದು ಬಸ್ಸಿಗಾಗಿ ಅರ್ಜಿ ಕೊಡುವ ಕೆಲಸವನ್ನು ಊರಿನ ಹಿರಿಯರು ಮಾಡಲಿ. ಜಾತ್ರೆಗೆ ಹೆಚ್ಚುವರಿ ಬಸ್ಸು ಬಿಡಿಸಲು ಅವರಿಗೆ ಬರುತ್ತದೆ.

ಈ ವರ್ಷ ನಾನು ಹತ್ತನೆಯದರ ಫಲಿತಾಂಶಕ್ಕೆ ಕಾಯಲಿಲ್ಲ. ಪರೀಕ್ಷೆ ಮುಗಿದ ವಾರವೇ ಐದು ಹುಡುಗಿಯರನ್ನೂ ಅವರ ಇಬ್ಬರು ಅವ್ವಂದಿರನ್ನೂ ಕರೆದುಕೊಂಡು ವಿಜಯಪುರದ ಸರ್ಕಾರಿ ಪಾಲಿಟೆಕ್ನಿಕ್ ನೋಡಲು ಹೋದೆ. ಕಂಡಕ್ಟರು ಎಂಟು ಟಿಕೇಟು ಹರಿದುಕೊಟ್ಟು, "ಎಲ್ಲಿ ಮದವಿಗೆ ಹೊಂಟೀರಿ ಅಕ್ಕೋರ?" ಎಂದ. ಅಲ್ಲಿ ಹೆಣ್ಣುಮಕ್ಕಳಿದ್ದಾರೆ ಎಂಬುದನ್ನು ನೋಡಿಯೇ ನಮ್ಮ ಹುಡುಗಿಯರಿಗೆ ಅರ್ಧ ಧೈರ್ಯ ಬಂತು. ಒಬ್ಬ ಅವ್ವ ಮಾತ್ರ ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡಿದ್ದು, ಊರಿಗೆ ಇಳಿದ ಮೇಲೆ, "ಹುಡುಗ್ಯಾರ ತಲಿ ಕೆಡಸಬ್ಯಾಡ್ರಿ" ಎಂದು ಹೇಳಿ ಹೋದಳು. ಅನುಮತಿ ಇಲ್ಲದೆ ಮಕ್ಕಳನ್ನು ಕರೆದೊಯ್ದದ್ದಕ್ಕೆ ಲಿಖಿತ ವಿವರಣೆ ಕೇಳಿದ್ದಾರೆ. ಬರೆದುಕೊಡುತ್ತೇನೆ.

ಐವರಲ್ಲಿ ಇಬ್ಬರು ಅರ್ಜಿ ಹಾಕಿದ್ದಾರೆ. ಒಬ್ಬಳು ಆರ್ಟ್ಸೇ ಬೇಕು, ಇತಿಹಾಸ ಓದುತ್ತೇನೆ ಎಂದಳು. ಬಹಳ ಸಂತೋಷ, ಓದಲಿ, ಅವಳು ನೋಡಿ ಬಂದು ಹೇಳಿದಳಲ್ಲ. ಇನ್ನೊಬ್ಬಳು ಇನ್ನೂ ತೂಗುತ್ತಿದ್ದಾಳೆ. ಐದನೆಯವಳು ಆ ಗಂಟುಮುಖದ ಅವ್ವನ ಮಗಳು. ಅವಳಿಗೆ ನಿಶ್ಚಯ ಮಾಡಿದರೆಂದು ನಿನ್ನೆ ಸಂಜೆ ಸುದ್ದಿ ಬಂತು. ಹದಿನಾರು ತುಂಬಿ ಮೂರು ತಿಂಗಳಾಗಿದೆ, ಜನ್ಮದಿನಾಂಕ ನನ್ನ ಹಾಜರಿ ಪುಸ್ತಕದಲ್ಲಿಯೇ ಇದೆ. ನಾಳೆ ಅವರ ಮನೆಗೆ ಹೋಗುತ್ತೇನೆ, ಆ ಪುಸ್ತಕ ಹಿಡಿದುಕೊಂಡು.