ಓಟದ ತಾಲೀಮಿಗೆ ವೈದ್ಯರ ಕಣ್ಗಾವಲಿರಲಿ

ಭೂಸೇನೆಯ ಅಗ್ನಿವೀರ ನೇಮಕಾತಿಯಲ್ಲಿ 2023ರಿಂದ ಆನ್‌ಲೈನ್ ಲಿಖಿತ ಪರೀಕ್ಷೆ ಮೊದಲು, ದೈಹಿಕ ಪರೀಕ್ಷೆ ನಂತರ. ರ‍್ಯಾಲಿಗಳ ನೂಕುನುಗ್ಗಲು ತಗ್ಗಿಸುವ ಈ ಕ್ರಮ ಸರಿಯಾದದ್ದೇ. ಆದರೆ ಫಲಿತಾಂಶ ಬಂದ ಮೇಲಷ್ಟೇ ಓಟಕ್ಕಿಳಿಯುವ ಅಭ್ಯರ್ಥಿ, 1.6 ಕಿ.ಮೀ. ಓಟಕ್ಕೆ ಅವಸರದಲ್ಲಿ ದೇಹ ಹುರಿಗೊಳಿಸಬೇಕಾಗುತ್ತದೆ. ಉಸಿರು, ಸ್ನಾಯು ಬೇಗ ಪಳಗುತ್ತವೆ, ಮೂಳೆ ನಿಧಾನ. ಹೊರೆ ಒಮ್ಮೆಲೇ ಏರಿದರೆ ಮೊಣಕಾಲಿನ ಕೆಳಗಿನ ಮೂಳೆಯಲ್ಲೋ ಪಾದದಲ್ಲೋ ಕೂದಲೆಳೆಯಂಥ ಬಿರುಕು ಮೂಡಿ ನೋಯಬಹುದು. ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ಸೈನಿಕರ ಪಾದಗಳ ಇಂಥ ನೋವನ್ನು ದಾಖಲಿಸಿದ್ದ. ನೋವು ನುಂಗಿ ಓಡಿ ಗಾಯ ಹೆಚ್ಚಿಸಿಕೊಂಡವನಿಗೆ ವಯೋಮಿತಿ ಮೀರುವ ಮುನ್ನ ಮತ್ತೊಂದು ಅವಕಾಶ ಸಿಗದೆಯೂ ಹೋಗಬಹುದು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ ಬಿಸಿಲಾಘಾತದ ಭಯವೂ ಸೇರುತ್ತದೆ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿಯೂ ಕಮಲಾಪುರ ತಾಲ್ಲೂಕು ಕೇಂದ್ರದಲ್ಲಿಯೂ ಜಿಲ್ಲಾಡಳಿತ ವರ್ಷವಿಡೀ ಉಚಿತ ತಾಲೀಮು ನಡೆಸಬೇಕು. ಕಮಲಾಪುರದ ಹುಡುಗರಿಗೆ ಡಾಂಬರು ರಸ್ತೆಯಲ್ಲ, ಮೆತ್ತನೆಯ ಮಣ್ಣಿನ ಪಥ ಬೇಕು. ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆಯಾದರೂ ಕಾಲು ಪರೀಕ್ಷಿಸಬೇಕು. ಗಾಯಗಳ ದಾಖಲೆಯನ್ನು ಕಲಬುರಗಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಇಟ್ಟುಕೊಂಡು ಅಧ್ಯಯನ ಮಾಡಬೇಕು.