ಡಾಲ್ಬಿ ಎಂಬ ಅಡ್ಡಹೆಸರಿನ ಹುಡುಗ

ಕಳೆದ ವಾರ ಹತ್ತನೇ ತರಗತಿಯ ಹುಡುಗನೊಬ್ಬನ ತಾಯಿ ಬಂದಿದ್ದರು. "ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಷ್ಟ್ರೇ. ಪುಸ್ತಕ ಮುಟ್ಟೋದಿಲ್ಲ. ಕಂಪ್ಯೂಟರ್ ಮುಂದೆ ಕೂತು ಕುಂಯ್ ಕುಂಯ್ ಅಂತ ಸದ್ದು ಮಾಡಿಸ್ತಿರ್ತಾನೆ" ಎಂದರು. ನನಗೆ ಇಂಗ್ಲೆಂಡಿನ ಇನ್ನೊಬ್ಬ ಹುಡುಗ ನೆನಪಾದ.

ಅವನ ನಿಜವಾದ ಹೆಸರು ಥಾಮಸ್ ರಾಬರ್ಟ್‌ಸನ್. ಹುಟ್ಟಿದ್ದು 1958ರಲ್ಲಿ. ತಂದೆ ಪ್ರಾಚೀನ ಗ್ರೀಕ್ ಕಲೆಯ ದೊಡ್ಡ ವಿದ್ವಾಂಸರು. ಮಗನಿಗೆ ಟೇಪ್ ರೆಕಾರ್ಡರಿನ ಗೀಳು. ಕ್ಯಾಸೆಟ್ಟಿನಿಂದ ಬರುವ 'ಸರ್' ಎಂಬ ಸದ್ದನ್ನು ತಗ್ಗಿಸುವ ತಂತ್ರಕ್ಕೆ ಡಾಲ್ಬಿ ಎಂದು ಹೆಸರು. ಗೆಳೆಯರು ಅದನ್ನೇ ಅವನಿಗಿಟ್ಟರು. ಮುಂದೆ ಡಾಲ್ಬಿ ಕಂಪನಿಯವರು ತಕರಾರು ತೆಗೆದು, ಬರೀ 'ಡಾಲ್ಬಿ' ಕೂಡದು, 'ಥಾಮಸ್ ಡಾಲ್ಬಿ' ಆದರೆ ಸರಿ ಎಂಬಲ್ಲಿಗೆ ರಾಜಿಯಾಯಿತು! (ಶಾಲೆಯ ಟೇಪ್ ರೆಕಾರ್ಡರ್ ಬಿಚ್ಚಿದ ಹುಡುಗನನ್ನು ನಾನೊಮ್ಮೆ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅದು ಈಗಲೂ ಚುಚ್ಚುತ್ತದೆ.)

ಸಿಂಥಸೈಜರ್ ಮುಂದಿಟ್ಟುಕೊಂಡು ಹಾಡುವ ನ್ಯೂ ವೇವ್ ಸಂಗೀತ ಬ್ರಿಟನ್ನಿನಲ್ಲಿ ಜೋರಾಗಿದ್ದ 1982ರಲ್ಲಿ, 23ರ ವಯಸ್ಸಿಗೆ, ಡಾಲ್ಬಿಯ ಮೊದಲ ಆಲ್ಬಂ 'ದಿ ಗೋಲ್ಡನ್ ಏಜ್ ಆಫ್ ವೈರ್‌ಲೆಸ್' ಹೊರಬಂತು. ಗಾಳಿಯ ಶಕ್ತಿ, ತೂಕವಿಲ್ಲದ ಸ್ಥಿತಿ, ರೇಡಿಯೋ ಅಲೆ – ಹಾಡುಗಳ ಹೆಸರುಗಳೇ ನಮ್ಮ ಪಾಠದ ಶೀರ್ಷಿಕೆಗಳಂತಿವೆ. 1983ರ ಮರುಮುದ್ರಣಕ್ಕೆ ಸೇರಿದ, ವಿಜ್ಞಾನದ ಹೆಸರು ಹೊತ್ತ ಇನ್ನೊಂದು ಹಾಡು ಅಮೆರಿಕದ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು. ಅದರ ನಡುನಡುವೆ ಕೂಗುವ ಮುದುಕರು ಟೀವಿಯಲ್ಲಿ ಹೆಸರಾಗಿದ್ದ ನಿಜವಾದ ಆಹಾರ ವಿಜ್ಞಾನಿ, ಮ್ಯಾಗ್ನಸ್ ಪೈಕ್.

ಮಕ್ಕಳೇ, ವೀಣೆಯ 'ಸ' ಮತ್ತು ಕೊಳಲಿನ 'ಸ' ಒಂದೇ ಶ್ರುತಿಯಲ್ಲಿದ್ದರೂ ಬೇರೆಯಾಗಿ ಕೇಳುವುದೇಕೆ? ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಆವೃತ್ತಿಯ ಉಪಸ್ವರಗಳೂ ಹೊರಡುತ್ತವೆ. ಅವುಗಳ ಪ್ರಮಾಣ ವಾದ್ಯದಿಂದ ವಾದ್ಯಕ್ಕೆ ಬೇರೆ. ಸಿಂಥಸೈಜರ್ ಈ ಬೆರಕೆಯನ್ನು ವಿದ್ಯುತ್ತಿನಿಂದ ಮಾಡುತ್ತದೆ. 200 ಹರ್ಟ್ಸ್‌ನ ಗರಗಸದ ಹಲ್ಲಿನಂಥ ಅಲೆಯಲ್ಲಿ 400, 600, 800 ಎಲ್ಲವೂ ಇರುತ್ತವೆ. ಚೌಕಾಕಾರದ ಅಲೆಯಲ್ಲಿ 600, 1000, 1400 ಹೀಗೆ ಬೆಸಸಂಖ್ಯೆಯ ಪಟ್ಟುಗಳು ಮಾತ್ರ. ಬೇಡದ್ದನ್ನು ಫಿಲ್ಟರ್ ಸೋಸುತ್ತದೆ. ಹುಡುಗನ 'ಕುಂಯ್ ಕುಂಯ್' ಅಂದರೆ ಇದೇ.

ಡಾಲ್ಬಿ ಮುಂದೆ ಅಮೆರಿಕದಲ್ಲಿ ಕಂಪನಿ ಕಟ್ಟಿದರು. ನೋಕಿಯಾ ಫೋನುಗಳು ಒಂದೇ ಹೊತ್ತಿಗೆ ಹಲವು ಸ್ವರ ನುಡಿಸುವಂತಾದದ್ದು ಆ ಕಂಪನಿಯ ಸಾಫ್ಟ್‌ವೇರಿನಿಂದ. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಎಲ್ಲ ಮಕ್ಕಳೂ ಹೀಗಾಗುತ್ತಾರೆಂದು ಆ ತಾಯಿಗೆ ನಾನು ಹೇಳಲಿಲ್ಲ; ಹೇಳಿದರೆ ಸುಳ್ಳಾದೀತು.

ಹುಡುಗನನ್ನು ಕರೆಸಿ, "200 ಹರ್ಟ್ಸ್‌ನ ಚೌಕದ ಅಲೆಯಲ್ಲಿ 400 ಇರುತ್ತೇನಪ್ಪಾ?" ಎಂದೆ.

"ಇಲ್ಲ ಸಾರ್, 600ಕ್ಕೆ ಹಾರುತ್ತೆ" ಎಂದ, ತಟ್ಟನೆ.

ರಾತ್ರಿ ಒಂಬತ್ತರವರೆಗೆ ಓದು, ಆಮೇಲೆ ಒಂದು ಗಂಟೆ ಕಂಪ್ಯೂಟರ್ ಎಂದು ಮೂವರೂ ಒಪ್ಪಿದೆವು. ರಸಾಯನಶಾಸ್ತ್ರದಲ್ಲಿ ಮಾತ್ರ ಅವನಿಗೆ ಇನ್ನೂ ನೂರಕ್ಕೆ 31.