ಕೋಟು, ಕುಲ, ನಂಬಿಕೆ: ಬಳ್ಳಾರಿಯ ಒಂದು ಮೊಕದ್ದಮೆ

1842ರಲ್ಲಿ ಬಳ್ಳಾರಿಯ ವರ್ತಕ ಮ್ಯಾಥ್ಯೂ ಅಬ್ರಹಾಂ ಉಯಿಲು ಬರೆಯದೆ ನಿಧನರಾದರು. ದಂಡಿನ ಊರಾಗಿದ್ದ ಬಳ್ಳಾರಿಯಲ್ಲಿ ಅಂಗಡಿ, ಸಾರಾಯಿ ಭಟ್ಟಿ ಮತ್ತು ಸರಕಾರದ ಅಬಕಾರಿ ಗುತ್ತಿಗೆಗಳಿಂದ ಅವರು ಗಳಿಸಿದ್ದ ಆಸ್ತಿ ಅಲ್ಪವಾದುದಲ್ಲ. ಅವರ ಪೂರ್ವಿಕರು ಪರೆಯ ಸಮುದಾಯದವರು. ಮನೆತನವು ಹಿಂದಿನ ತಲೆಮಾರುಗಳಲ್ಲಿಯೇ ಕ್ರೈಸ್ತಮತವನ್ನು ಸ್ವೀಕರಿಸಿತ್ತು. ಪತ್ನಿ ಷಾರ್ಲೆಟ್ ಅಂದಿನ ಮಾತಿನಲ್ಲಿ 'ಈಸ್ಟ್ ಇಂಡಿಯನ್', ಅಂದರೆ ಯುರೋಪಿಯನ್ ಮತ್ತು ಭಾರತೀಯ ಮೂಲಗಳು ಬೆರೆತ ಸಮುದಾಯಕ್ಕೆ ಸೇರಿದವರು. ಮ್ಯಾಥ್ಯೂ ತೀರಿಕೊಂಡ ಬಳಿಕ ವ್ಯವಹಾರವನ್ನು ನಡೆಸಿದವರು ಅವರ ಸಹೋದರ ಫ್ರಾನ್ಸಿಸ್.

ಹಣವಿದ್ದಲ್ಲಿ ಜಗಳ ಹುಟ್ಟಲು ಹೆಚ್ಚು ಕಾಲ ಬೇಕಾಗುವುದಿಲ್ಲ. ತಾವಿಬ್ಬರೂ ಹಿಂದೂ ನ್ಯಾಯದ ಪ್ರಕಾರ ಅವಿಭಕ್ತ ಕುಟುಂಬದ ಸಹೋದರರು, ಆದುದರಿಂದ ಆಸ್ತಿಯಲ್ಲಿ ತಮಗೂ ಪಾಲುಂಟು ಎಂಬುದು ಫ್ರಾನ್ಸಿಸರ ವಾದ. ತಮ್ಮ ಪತಿ ಕ್ರೈಸ್ತರು, ಅವರ ಬಾಳುವೆ ಈಸ್ಟ್ ಇಂಡಿಯನ್ನರ ರೀತಿಯದು, ಅವರ ಗಳಿಕೆ ಹೆಂಡತಿ ಮಕ್ಕಳದೇ ಎಂಬುದು ಷಾರ್ಲೆಟ್ಟರ ವಾದ. ಬಳ್ಳಾರಿಯಲ್ಲಿ ಆರಂಭವಾದ ಈ ದಾವೆಯು ಮದರಾಸಿನ ಸದರ್ ಅದಾಲತ್ತನ್ನು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಯಿತು. 1863ರಲ್ಲಿ ತೀರ್ಪು ಬಂದಿತು. 'ಅಬ್ರಹಾಂ ವಿರುದ್ಧ ಅಬ್ರಹಾಂ' ಎಂಬ ಹೆಸರಿನಲ್ಲಿ ಕಾನೂನು ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದುತ್ತಾರೆ. ನಮ್ಮ ಸೀಮೆಯ ಊರೊಂದರ ಕಥೆ ಅದೆಂಬುದು ಮಾತ್ರ ಬಹುಮಂದಿಗೆ ತಿಳಿಯದು. ಅಂದು ಆದವಾನಿಯೂ ರಾಯದುರ್ಗವೂ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಅವು ಆಂಧ್ರಕ್ಕೆ ಸೇರಿದ್ದು 1953ರಲ್ಲಿ.

ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಸರಳವಾಗಿ ತೋರಿದರೂ ಆಳವಾದುದು. ಮತ ಬದಲಾದರೆ ಮನುಷ್ಯನಲ್ಲಿ ಏನೇನು ಬದಲಾಗುತ್ತದೆ? ಪ್ರಿವಿ ಕೌನ್ಸಿಲಿನ ಉತ್ತರಕ್ಕೆ ಎರಡು ಮುಖಗಳಿದ್ದವು. ಕ್ರೈಸ್ತನಾದವನು ಹಿಂದೂ ನ್ಯಾಯದ ಕಟ್ಟಿನಿಂದ ಬಿಡುಗಡೆ ಹೊಂದುತ್ತಾನೆ. ಆದರೆ ಕ್ರೈಸ್ತಧರ್ಮಕ್ಕೆ ಸಂಬಂಧವೇ ಇಲ್ಲದ ಲೌಕಿಕ ವಿಷಯಗಳಲ್ಲಿ ಹಳೆಯ ಪದ್ಧತಿಯನ್ನು ತ್ಯಜಿಸಬೇಕೋ ಉಳಿಸಿಕೊಳ್ಳಬೇಕೋ ಎಂಬುದು ಅವನ ಇಚ್ಛೆಗೆ ಬಿಟ್ಟದ್ದು. ಆ ಇಚ್ಛೆ ಏನಾಗಿತ್ತೆಂದು ತಿಳಿಯಲು ಅವನ ನಡೆಯನ್ನು ನೋಡಬೇಕು. ಹೀಗೆ ಮ್ಯಾಥ್ಯೂ ತೊಟ್ಟ ಉಡುಪು, ಬಾಳಿದ ರೀತಿ, ಬೆರೆತ ಜನ, ಎಲ್ಲವೂ ಸಾಕ್ಷ್ಯವಾದವು. ಅವಿಭಕ್ತ ಕುಟುಂಬದ ವಾದ ಬಿದ್ದುಹೋಯಿತು.

ಅಂಗಿಯನ್ನು ನೋಡಿ ಆತ್ಮವನ್ನು ಅಳೆದಂತಾಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಇತ್ಯರ್ಥವಾಗಬೇಕಾಗಿದ್ದುದು ಆಸ್ತಿಯೇ ಹೊರತು ಆತ್ಮವಲ್ಲ. ಭಟ್ಟಿಯನ್ನೂ ಗುತ್ತಿಗೆಯನ್ನೂ ನಡೆಸುತ್ತ ಮ್ಯಾಥ್ಯೂ ತಮ್ಮ ದೇವರ ಮುಂದೆ ಏನೆಂದು ನಿಂತರು, ಬದುಕಿದ್ದು ಯಾತಕ್ಕೆಂದು ತಿಳಿದಿದ್ದರು ಎಂಬುದನ್ನು ಯಾವ ವಕೀಲನ ಪಾಟೀಸವಾಲೂ ಹೊರತೆಗೆಯಲಾರದು. ತೀರ್ಪಿನ ನಿಜವಾದ ಬೆಲೆ ಬೇರೆಡೆಯಿದೆ. ನಂಬಿಕೆಯ ಕ್ಷೇತ್ರ ಎಲ್ಲಿ ಮುಗಿಯುತ್ತದೆ, ಬಾಳುವೆಯ ಕ್ಷೇತ್ರ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ಅದು ಹುಡುಕಿತು.

ಆ ಗೆರೆಯ ಈಚೆಗೆ ಬರುವುದು ಭಾಷೆ. ಕ್ರೈಸ್ತನಾದವನು ಪರದೇಶದ ಕೋಟು ತೊಡಬಹುದು, ತೊಡದಿರಬಹುದು. ಅವನ ಪ್ರಾರ್ಥನೆಗೆ ಮಾತ್ರ ಮಾತು ಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. ಮಂಗಳೂರಿನಲ್ಲಿ 1843ರಲ್ಲಿ ಹುಟ್ಟಿದ ಮೊದಲ ಕನ್ನಡ ಪತ್ರಿಕೆಯು ಮರುವರ್ಷ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವಾಯಿತು. ಷಾರ್ಲೆಟ್ ವಿಧವೆಯಾಗಿದ್ದ ವರ್ಷಗಳವು.

ಇಚ್ಛೆಯ ಆ ಬಾಗಿಲನ್ನು ಶಾಸನವು ಬೇಗನೆ ಮುಚ್ಚಿತು. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆ ಕ್ರೈಸ್ತರಿಗೂ ಅನ್ವಯವಾಯಿತು. ಕೊಡಗಿನ ದೇಶೀಯ ಕ್ರೈಸ್ತರಿಗೆ ಮಾತ್ರ 1868ರಲ್ಲಿ ವಿನಾಯಿತಿ ದೊರೆಯಿತು. ಇಂದು ಜಾರಿಯಲ್ಲಿರುವುದು 1925ರ ಕಾಯಿದೆ. ಕ್ರೈಸ್ತನೊಬ್ಬ ಹೆಂಡತಿ ಮಕ್ಕಳನ್ನು ಬಿಟ್ಟು ಉಯಿಲಿಲ್ಲದೆ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದೆರಡು ಮಕ್ಕಳಿಗೆ. ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಪಾಲು. ಅಣ್ಣತಮ್ಮಂದಿರು ನಡುವೆ ಬರುವಂತಿಲ್ಲ.

ಕುಲದ ವಿಷಯ ಇನ್ನೂ ಕಠಿನ. 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧ ಧರ್ಮಗಳಿಗೆ ಸೇರದವರು ಪರಿಶಿಷ್ಟ ಜಾತಿಯವರೆನಿಸುವುದಿಲ್ಲ. ಆಂಧ್ರಪ್ರದೇಶದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರನ್ನೂ ಅವರ ಸಂತತಿಯನ್ನೂ ಬಿ.ಸಿ. 'ಸಿ' ಗುಂಪಿನಲ್ಲಿ ಇರಿಸಲಾಗಿದೆ. ಕೇರಿ ಅದೇ, ಬಾವಿ ಅದೇ, ನೆರೆಯವರ ನೋಟವೂ ಅದೇ. ಪ್ರಮಾಣಪತ್ರ ಮಾತ್ರ ಬೇರೆ. ಅಬ್ರಹಾಂ ತೀರ್ಪು ಮನುಷ್ಯನ ಬಾಳುವೆಯನ್ನು ನೋಡಿ ನಿರ್ಣಯಿಸಿತು. ಈ ಆದೇಶವು ಅವನ ಪ್ರಾರ್ಥನಾಮಂದಿರವನ್ನು ನೋಡಿ ನಿರ್ಣಯಿಸುತ್ತದೆ. ಇವೆರಡರಲ್ಲಿ ಹಳೆಯದೇ ಹೆಚ್ಚು ವಿವೇಕಯುತವೆಂದು ಹೇಳಿದರೆ ತಪ್ಪಾಗದು.

ಜೂನ್ ತಿಂಗಳಲ್ಲಿ ಶಾಲೆಯ ಅರ್ಜಿಯನ್ನು ತುಂಬುವ ಕ್ರೈಸ್ತ ತಂದೆತಾಯಿಯರಿಗೆ ಇವೆಲ್ಲವೂ ಮೂರು ಅಂಕಣಗಳಾಗಿ ಎದುರಾಗುತ್ತವೆ: ಧರ್ಮ, ಜಾತಿ, ಮಾತೃಭಾಷೆ. ಒಂದಕ್ಕೆ ಕೊಟ್ಟ ಉತ್ತರವು ಇನ್ನೊಂದನ್ನು ಅಳಿಸೀತೆಂಬ ಅಳುಕು ಸಹಜ. ಸಂವಿಧಾನದ 30ನೆಯ ವಿಧಿಯು ಧರ್ಮದ ಆಧಾರದ ಅಲ್ಪಸಂಖ್ಯಾತರನ್ನೂ ಭಾಷೆಯ ಆಧಾರದ ಅಲ್ಪಸಂಖ್ಯಾತರನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತದೆ. ಗಡಿಯಾಚೆಯ ಕನ್ನಡ ಕ್ರೈಸ್ತನು ಎರಡರೊಳಗೂ ಇದ್ದಾನೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 350ಎ ವಿಧಿಯು ರಾಜ್ಯಗಳಿಗೆ ಹೇಳುವಾಗ ಆ ಮಕ್ಕಳ ದೇವರು ಯಾರೆಂದು ಕೇಳುವುದಿಲ್ಲ. ಮೂರನೆಯ ಅಂಕಣದಲ್ಲಿ 'ಕನ್ನಡ' ಎಂದು ಬರೆದರೆ ಮೊದಲನೆಯದಕ್ಕೆ ಯಾವ ಕುಂದೂ ಬರುವುದಿಲ್ಲ. ಅದನ್ನು ಖಾಲಿ ಬಿಟ್ಟರೆ ಕನ್ನಡ ತರಗತಿಯ ಲೆಕ್ಕದಲ್ಲಿ ಒಂದು ಮಗು ಕಡಿಮೆಯಾಗುತ್ತದೆ.